ಬೇಡ ಅಂದವನ ಮೇಲಿನ ಸಿಟ್ಟು

ಆಲೂರಿನಲ್ಲಿ ನನ್ನದೊಂದು ಪಂಕ್ಚರ್ ಅಂಗಡಿ ಇದೆ. ನಾನು ಟೈರು ಬಿಚ್ಚಿ, ಟ್ಯೂಬು ನೀರಿಗದ್ದಿ, ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡುವಷ್ಟು ಹೊತ್ತು ಗಿರಾಕಿಗಳಿಗೆ ಬೇರೆ ಕೆಲಸವಿರುವುದಿಲ್ಲ. ಬೆಂಚಿನ ಮೇಲೆ ಕೂತು ಮೊಬೈಲು ನೋಡುತ್ತಾರೆ. ಕ್ರಿಕೆಟ್ ಆಟಗಾರರ ಹರಾಜು ನಡೆಯುವ ದಿನಗಳಲ್ಲಂತೂ ಅದೇ ಮಾತು. ಅವನಿಗೆ ಅಷ್ಟು ಕೋಟಿ, ಇವನಿಗೆ ಇಷ್ಟು ಕೋಟಿ. ಕೊನೆಗೆ ಯಾರಾದರೊಬ್ಬರು ನಿಟ್ಟುಸಿರು ಬಿಟ್ಟು, "ಅಷ್ಟೊಂದು ಇಟ್ಕೊಂಡು ಏನ್ ಮಾಡ್ತಾರೆ ಮಾರಾಯ? ಸ್ವಲ್ಪ ಕಮ್ಮಿ ತಗೊಂಡ್ರೆ ಅವ್ರ ಗಂಟೇನ್ ಹೋಗ್ತದೆ? ಉಳಿದ ಹುಡುಗ್ರಿಗಾದ್ರೂ ಸಿಗ್ತದೆ" ಎನ್ನುತ್ತಾರೆ.

ನಾನು ಟ್ಯೂಬಿನಿಂದ ತಲೆ ಎತ್ತದೆ, "ಒಂದು ರೂಪಾಯಿನೂ ಕಮ್ಮಿ ತಗೊಳ್ಳಬಾರ್ದು" ಎನ್ನುತ್ತೇನೆ. ಅವರಿಗೆ ನಗು ಬರುತ್ತದೆ. ಪಂಕ್ಚರ್ ಹಾಕುವವನು ಕೋಟ್ಯಧೀಶರ ಪರ ವಕಾಲತ್ತು ಮಾಡಿದರೆ ಯಾರಿಗೆ ತಾನೆ ನಗು ಬರುವುದಿಲ್ಲ? ನಾನು ಆ ಆಟಗಾರರ ಪರವೇನೂ ಅಲ್ಲ. ಆದರೆ ಕಮ್ಮಿ ತಗೊಂಡ ಒಬ್ಬನನ್ನು ನಾನು ಬಹಳ ಹತ್ತಿರದಿಂದ ಕಂಡಿದ್ದೇನೆ. ಕಮ್ಮಿ ಕೂಡ ಅಲ್ಲ, ಅವನು ಏನೂ ತಗೊಳ್ಳಲಿಲ್ಲ. ಅವನ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ, ಆರಲಿ ಎಂಬ ಆಸೆಯೂ ನನಗಿಲ್ಲ.

ಇದು ಹತ್ತು ವರ್ಷದ ಹಿಂದಿನ ಮಾತು. ಆಗ ನಾನು ಹೆತ್ತೂರು ಕಡೆಯ ಒಂದು ಕಾಫಿ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಅವ್ವ ಅದೇ ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದಳು. ಕೂಲಿಯವರಿಗೆಂದು ಕಟ್ಟಿದ ಲೈನ್ ಮನೆಯೊಂದರಲ್ಲಿ ನಾವಿಬ್ಬರೇ ಇದ್ದೆವು. ತೋಟದ ಯಜಮಾನ ತೀರಿಕೊಂಡು ಆರು ವರ್ಷವಾಗಿ, ಮಗ ಯಜಮಾನನಾಗಿದ್ದ. ಲೈನಿನವರಿಗೆಲ್ಲ ಅವನು ಸಣ್ಣ ಸಾವ್ಕಾರ್ರು. ಎದುರಿಗೆ ನಾನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದೆ, ಈಗ ಸಿಕ್ಕರೂ ಹಾಗೆಯೇ ಮಾತಾಡಿಸುತ್ತೇನೆ. ಆ ಅಭ್ಯಾಸ ಸಾಯುವವರೆಗೂ ಹೋಗುವುದಿಲ್ಲ. ಬರೆಯುವಾಗ ಮಾತ್ರ ಏಕವಚನ. ಇಷ್ಟಾದರೂ ನನ್ನ ಕೈಯಲ್ಲಿದೆ.

ಅವನೂ ನಾನೂ ಒಂದೇ ಹಗ್ಗಜಗ್ಗಾಟದ ತಂಡದಲ್ಲಿದ್ದೆವು. ಹಗ್ಗಜಗ್ಗಾಟವನ್ನು ತಮಾಷೆಯ ಆಟ ಎಂದುಕೊಂಡವರು ಒಮ್ಮೆ ನಮ್ಮ ಕಡೆ ಬಂದು ಹಗ್ಗ ಹಿಡಿದು ನೋಡಬೇಕು. ಎರಡೇ ನಿಮಿಷದಲ್ಲಿ ಅಂಗೈ ಸುಲಿದಿರುತ್ತದೆ. ತಂಡಕ್ಕೆ ಎಂಟು ಜನ. ಎಂಟೂ ಜನರ ತೂಕ ಸೇರಿ ಇಷ್ಟನ್ನು ಮೀರಬಾರದು ಎಂದು ಕಟ್ಟುನಿಟ್ಟು. ನಾವು ಎಳೆಯುತ್ತಿದ್ದದ್ದು ಆರುನೂರು ಕೆ.ಜಿ.ಯ ವಿಭಾಗದಲ್ಲಿ. ಜೊತೆಗೆ ಬದಲಿಗೆಂದು ಒಬ್ಬನ ಹೆಸರು ಬರೆಸಿ ಹೊರಗೆ ಕೂರಿಸಿಕೊಳ್ಳಬಹುದು. ಸಾಲಿನ ಕೊನೆಯವನು ಹಗ್ಗವನ್ನು ಕಂಕುಳ ಕೆಳಗಿಂದ ತಂದು, ಬೆನ್ನ ಮೇಲೆ ಹಾಯಿಸಿ, ಹೆಗಲಿಗೆ ಹಾಕಿಕೊಂಡು ನಿಲ್ಲುತ್ತಾನೆ. ಅವನನ್ನು ಆ್ಯಂಕರ್ ಎನ್ನುತ್ತೇವೆ. ನಮ್ಮ ಆ್ಯಂಕರ್ ಸಣ್ಣ ಸಾವ್ಕಾರ. ಸುಳ್ಳು ಯಾಕೆ ಹೇಳಲಿ, ಅವನಂಥ ಆ್ಯಂಕರ್ ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ರಾಜ್ಯ ತಂಡಕ್ಕೆ ಎಳೆದು ಬಂದವನು. ಹಿಮ್ಮಡಿ ಊರಿದನೆಂದರೆ ಜೀಪು ಕಟ್ಟಿ ಎಳೆದರೂ ಅಲುಗುತ್ತಿರಲಿಲ್ಲ. ಉಳಿದವರು ನಾವು ಏಳು ಜನ: ನಾನು, ತೋಟದ ಜೀಪ್ ಡ್ರೈವರ್, ನೆರಳಿನ ಮರಗಳ ಕೊಂಬೆ ಕಡಿಯುವ ಇಬ್ಬರು, ಹೆಗ್ಗದ್ದೆಯಿಂದ ಬರುತ್ತಿದ್ದ ಮೂವರು ಅಣ್ಣತಮ್ಮಂದಿರು. ಪಿಯುಸಿ ಪಾಸಾಗಿದ್ದವನು, ಅರ್ಜಿ ಬರೆಯಲು ಬರುತ್ತಿದ್ದವನು ನಾನೊಬ್ಬನೇ ಆದ್ದರಿಂದ ನಾನೇ ಕ್ಯಾಪ್ಟನ್.

ಹಗ್ಗ ಹಿಡಿದಷ್ಟು ಹೊತ್ತು ಮೇಲು ಕೀಳು ಇರಲಿಲ್ಲ. ಸಾವ್ಕಾರ ನಮ್ಮ ಬಾಟಲಿಯಿಂದಲೇ ನೀರು ಕುಡಿಯುತ್ತಿದ್ದ, "ಎಳೀರೋ ಮಾರಾಯ, ಗಂಜಿ ಕುಡ್ಕೊಂಡ್ ಬಂದ್ರಾ" ಎಂದು ಬೈಯುತ್ತಿದ್ದ. ನಾವೂ ತಿರುಗಿ ಏನಾದರೂ ಅನ್ನುತ್ತಿದ್ದೆವು. ಹಗ್ಗ ಸುತ್ತಿಟ್ಟ ಮೇಲೆ ಅವನ ಜೀಪು ಬಂಗಲೆಯ ಕಡೆ ಹತ್ತುತ್ತಿತ್ತು, ನಾವು ಲೈನಿನ ಕಡೆ ಇಳಿಯುತ್ತಿದ್ದೆವು.

ಅಭ್ಯಾಸ ನಡೆಯುತ್ತಿದ್ದದ್ದು ಕಾಫಿ ಒಣಗಿಸುವ ಕಣದಲ್ಲಿ. ಕಣದ ಪಕ್ಕದಲ್ಲೇ ಸ್ಟೋರ್, ಸ್ಟೋರಿನ ಬಾಗಿಲಲ್ಲೇ ತೂಕದ ಮಿಷನ್. ಹಲಗೆಯ ಮೇಲೆ ಮೂಟೆ ಇಟ್ಟು, ಮೇಲಿನ ಕಂಬಿಯಲ್ಲಿ ಬಟ್ಟು ಸರಿಸಿ ನೋಡುವ ಹಳೇ ಕಾಲದ್ದು. ವಾರಕ್ಕೊಮ್ಮೆ ನಾವು ಎಂಟೂ ಜನ ಆ ಹಲಗೆಯ ಮೇಲೆ ಹತ್ತಿ ಇಳಿಯುತ್ತಿದ್ದೆವು. ತೋಟದ ಲೆಕ್ಕ ನೋಡುವ ರೈಟರ್ ತೂಕ ಕೂಗುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಅದೇ ಮಿಷನ್ ಮುಂದೆ, ಕುಯ್ಲಿನ ದಿನಗಳಲ್ಲಿ, ಸಂಜೆ ನಾಲ್ಕೂವರೆಗೆ ಅವ್ವನೂ ನಿಲ್ಲುತ್ತಿದ್ದಳು. ಪೂರ್ತಿ ಕೂಲಿ ಸಿಗಬೇಕಾದರೆ ದಿನಕ್ಕೆ ಇಷ್ಟು ಕೆ.ಜಿ. ಹಣ್ಣು ಎಂದು ಒಂದು ಗುರಿಯಿತ್ತು. ಅವ್ವ ಯಾವಾಗಲೂ ಆ ಗುರಿಗಿಂತ ಒಂದೆರಡು ಕೆ.ಜಿ. ಕಮ್ಮಿ. "ಇವತ್ತು ಆಯ್ತದೆ ಕಣೋ, ಬೆನ್ನು ಹೇಳ್ತಾ ಐತೆ" ಎಂದು ಮೂಟೆ ಹೊತ್ತು ತರುವಳು. ರೈಟರ್ ಬಟ್ಟು ಸರಿಸಿ ಕಮ್ಮಿಯನ್ನೇ ಕೂಗುವರು. "ಮೈಗಳ್ಳತನ ಬಿಡ್ಬೇಕು ಕಣಮ್ಮ. ಗಿಡದ ಬುಡದಲ್ಲಿ ಎಲೆ ಅಡಿಕೆ ಹಾಕ್ಕೊಂಡು ಕೂತ್ರೆ ಹಣ್ಣು ತಾನಾಗೇ ಬಂದು ಚೀಲಕ್ಕೆ ಬೀಳ್ತದಾ?" ಹೀಗೆ ನಲವತ್ತು ಹೆಂಗಸರ ಮುಂದೆ, ವಾರಕ್ಕೆ ಮೂರು ಸಲವಾದರೂ. ಅವ್ವ ಎದುರು ಮಾತಾಡುತ್ತಿರಲಿಲ್ಲ. ಮನೆಗೆ ಬಂದು ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವಳು. "ನನ್ ಕೈಗೇ ವಯಸ್ಸಾಗ್ಬುಡ್ತೇನೋ" ಎನ್ನುವಳು. ಅದನ್ನು ಕೇಳಲು ನನಗೆ ಆಗುತ್ತಿರಲಿಲ್ಲ. ಮುಂದಿನ ಕುಯ್ಲಿಗೆ ಅವ್ವ ಆ ಮಿಷನ್ ಮುಂದೆ ನಿಲ್ಲಬಾರದು, ಅದೊಂದೇ ನನಗೆ ಬೇಕಾಗಿದ್ದದ್ದು. ಹಾಲು ಕರೆಯುವ ಒಂದು ಹಸು ತಂದು ಕಟ್ಟಿದರೆ ಅವಳು ಡೇರಿಗೆ ಹಾಲು ಹಾಕಿಕೊಂಡು ಮನೆಯಲ್ಲಿರಬಹುದು ಎಂದು ಯೋಚಿಸಿದ್ದೆ.

ಆ ವರ್ಷ ಹಸುವಿನ ದುಡ್ಡು ತಾನಾಗಿ ನಡೆದುಕೊಂಡು ಬಂತು. ಸಕಲೇಶಪುರದಲ್ಲಿ ಒಬ್ಬರು ಕಾಫಿ ವ್ಯಾಪಾರಿ ಇದ್ದರು, ನಾವೆಲ್ಲ ಸಾಹೇಬ್ರು ಎನ್ನುತ್ತಿದ್ದೆವು. ಹಗ್ಗಜಗ್ಗಾಟವೆಂದರೆ ಅವರಿಗೆ ಹುಚ್ಚು. ಒಂದು ಸೀಸನ್ ಪೂರ್ತಿ ತಮ್ಮ ಅಂಗಡಿಯ ಹೆಸರಿನ ಜೆರ್ಸಿ ಹಾಕಿಕೊಂಡು ಎಳೆಯಬೇಕು, ಬೇರೆ ಯಾರ ಪರವಾಗಿಯೂ ಎಳೆಯಬಾರದು, ಕಾಗದ ಮಾಡಿಕೊಳ್ಳೋಣ ಎಂದು ಹೇಳಿ ಕಳಿಸಿದರು. ಆ್ಯಂಕರ್‌ಗೆ ಐವತ್ತು ಸಾವಿರ, ಉಳಿದವರಿಗೆ ತಲಾ ಇಪ್ಪತ್ತೈದು ಸಾವಿರದ ತನಕ ಆಗಬಹುದು ಎಂದು ಅವರ ಗುಮಾಸ್ತ ನಮ್ಮ ಜೀಪ್ ಡ್ರೈವರ್ ಹತ್ತಿರ ಬಾಯಿ ಬಿಟ್ಟಿದ್ದ.

ಹೆಗ್ಗದ್ದೆಯ ಅಣ್ಣತಮ್ಮಂದಿರಲ್ಲಿ ದೊಡ್ಡವನು ನನ್ನನ್ನು ಪಕ್ಕಕ್ಕೆ ಕರೆದ. "ಸಾವ್ಕಾರ್ರಿಗೆ ಐವತ್ತು ಯಾಕ್ ಬೇಕು ಹೇಳು. ಅವ್ರ ಮನೆ ನಾಯಿ ಖರ್ಚೇ ಅಷ್ಟೈತೆ. ಕಮ್ಮಿ ತಗೊಳ್ಳಿ ಅಂತ ನೀನೇ ಹೇಳ್ಬುಡು. ಉಳಿದಿದ್ನ ನಾವು ಹಂಚ್ಕಂಡಂಗಾಯ್ತದೆ."

ನಾನು ಬೇಡ ಎಂದೆ. ಕೂಲಿ ಮಾತಾಡಿ ನನಗೆ ಗೊತ್ತು. ದುಡ್ಡಿನ ಅಗತ್ಯ ಇರುವವನು ಬೇಗ ಸೋಲುತ್ತಾನೆ. ನಮ್ಮ ಏಳೂ ಜನರ ಅಗತ್ಯ ನಮ್ಮ ಮುಖದ ಮೇಲೆಯೇ ಬರೆದಿತ್ತು. ಸಾಹೇಬರು ಎರಡು ಸಲ ತಲೆ ಅಲ್ಲಾಡಿಸಿದರೆ ಸಾಕು, ನಾವು ಇಳಿದುಬಿಡುತ್ತಿದ್ದೆವು. ಗಟ್ಟಿಯಾಗಿ ನಿಲ್ಲಬಲ್ಲವನು ಆ ದುಡ್ಡಿನ ಹಂಗಿಲ್ಲದವನೊಬ್ಬನೇ. ಹಾಗಾಗಿ ನಾನು ಬಂಗಲೆಗೆ ಹೋಗಿ ಸಾವ್ಕಾರನಿಗೆ ತದ್ವಿರುದ್ಧವಾದದ್ದನ್ನೇ ಹೇಳಿದೆ.

"ಸಾವ್ಕಾರ್ರೆ, ನೀವು ಅರವತ್ತು ಕೇಳಿ. ಕೊಡಲ್ಲ ಅಂದ್ರೆ ಎದ್ದು ಬನ್ನಿ. ನೀವು ಎದ್ರೆ ಸಾಹೇಬ್ರು ತಡೀತಾರೆ. ನಿಮ್ ರೇಟು ಮೇಲೆ ನಿಂತ್ರೆ ನಮ್ದು ಕೆಳಗೆ ಬೀಳಲ್ಲ."

ಅವನು ನಕ್ಕ. "ನೀನು ಲಾಯರ್ ಆಗ್ಬೇಕಿತ್ತು ಕಣೋ. ನಂಗ್ಯಾಕೋ ಅಷ್ಟು ದುಡ್ಡು?"

"ಬೇಡದಿದ್ರೆ ತಗೊಂಡು ಹೊಳೆಗೆ ಬೇಕಾದ್ರೂ ಹಾಕಿ. ಅಲ್ಲಿ ಕೂತ್ಕೊಂಡು ಮಾತ್ರ ಬೇಡ ಅನ್ಬೇಡಿ."

ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. "ಆಯ್ತು ಮಾರಾಯ, ನಿಮ್ಮನ್ನ ಬಿಟ್ಟುಕೊಡ್ತೀನಾ?" ಎಂದ.

ಮಾತುಕತೆ ನಡೆದದ್ದು ಸಕಲೇಶಪುರದಲ್ಲಿ, ಸಾಹೇಬರ ಗೋಡೌನಿನ ಮೇಲಿನ ರೂಮಿನಲ್ಲಿ. ಅವರ ಕಡೆಯ ನಾಲ್ಕೈದು ಜನ ಇದ್ದರು. ಸಾವ್ಕಾರನಿಗೆ ಕುರ್ಚಿ, ನಾವು ಗೋಡೆಗೊರಗಿ ಸಾಲಾಗಿ ನಿಂತಿದ್ದೆವು. ಚಹಾ ಬಂತು, ಬಿಸ್ಕತ್ತು ಬಂತು. ಸಾಹೇಬರು ಕಾಗದ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದು, "ಹೇಳಿ ಸಾವ್ಕಾರ್ರೆ, ಮೊದ್ಲು ನಿಮ್ದು" ಎಂದರು.

ಅವನು ಒಮ್ಮೆ ನಮ್ಮ ಕಡೆ ನೋಡಿದ. ಆಮೇಲೆ ಎದ್ದು ನಿಂತ. ಅರವತ್ತು ಎನ್ನುತ್ತಾನೆ ಎಂದುಕೊಂಡೆ.

"ಸಾಹೇಬ್ರೆ, ದೇವ್ರು ನಂಗೆ ಬೇಕಾದಷ್ಟು ಕೊಟ್ಟಿದ್ದಾನೆ. ಹಗ್ಗ ಹಿಡಿಯೋದು ನನ್ನ ಸಂತೋಷಕ್ಕೆ, ನಮ್ಮೂರ ಹೆಸರಿಗೆ. ನಂಗೆ ಒಂದು ಪೈಸೆನೂ ಬೇಡ. ಹುಡುಗ್ರಿಗೆ ನಿಮಗೆ ತೋಚಿದ್ದು ಕೊಡಿ."

ರೂಮಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾಚಿಕೆಗೇಡಿನ ವಿಷಯವೆಂದರೆ ನಾನೂ ತಟ್ಟಿದೆ, ಕೈ ತಾನಾಗಿ ತಟ್ಟಿತು. ಸಾಹೇಬರು ಎದ್ದು ಬಂದು ಅವನನ್ನು ತಬ್ಬಿಕೊಂಡರು. ಒಳಗಿಂದ ಶಾಲು ತರಿಸಿ ಹೊದಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, "ನಿಮ್ದೇನಪ್ಪ? ಅವ್ರೇ ಬೇಡ ಅಂದ್ಬಿಟ್ರು" ಎಂದರು. ಜೀಪ್ ಡ್ರೈವರ್ ಬಾಯಿ ತೆರೆದವನು ಮುಚ್ಚಿಕೊಂಡ. ನಾವು ಏನೆಂದು ಕೇಳುವುದು? ತೋಟದ ಯಜಮಾನ ಬಿಟ್ಟಿ ಎಳೆಯುತ್ತೇನೆ ಎಂದ ಮೇಲೆ ಅವನ ಕೂಲಿಯವನು ಇಪ್ಪತ್ತೈದು ಸಾವಿರ ಕೊಡಿ ಎಂದರೆ ಆಸೆಬುರುಕ ಅನ್ನಿಸಿಕೊಳ್ಳುತ್ತಾನೆ. ಒಬ್ಬೊಬ್ಬರಿಗೆ ಮೂರು ಸಾವಿರ, ಎರಡು ಜೆರ್ಸಿ, ಆಟದ ದಿನ ಬಿರಿಯಾನಿ. ಸಹಿ ಹಾಕಿ ಮೆಟ್ಟಿಲಿಳಿದೆವು. ವಾಪಸು ಬರುವಾಗ ಜೀಪಿನ ಮುಂದಿನ ಸೀಟಿನಿಂದ ಅವನು ತಿರುಗಿ ನೋಡಿ, "ಹೆಂಗೆ?" ಎಂದ. ಹೊಗಳಲಿ ಎಂದು ಕಾಯುತ್ತಿದ್ದ. ಹೊಗಳಿದೆವು.

ಸಾಹೇಬರ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೊಮ್ಮೆ ಮೂಟೆ ಇಳಿಸಲು ಅವರ ಗೋಡೌನಿಗೆ ಹೋದಾಗ ಅವರೇ ಹೇಳಿದರು: "ನಿಮ್ ಏಳು ಜನಕ್ಕೆ ಅಂತ ಅವತ್ತು ದುಡ್ಡು ಬ್ಯಾಗಲ್ಲೇ ಇಟ್ಕೊಂಡು ಕೂತಿದ್ದೆ ಕಣಪ್ಪ. ನೀವು ಕೇಳ್ಲಿಲ್ಲ, ನಾನು ಕೊಡ್ಲಿಲ್ಲ. ವ್ಯಾಪಾರ ಅಲ್ವಾ?" ವ್ಯಾಪಾರವೇ. ಅವರು ಮಾಡಬೇಕಾದ್ದನ್ನು ಅವರು ಮಾಡಿದರು.

ಸಾವ್ಕಾರ ಒಳಗಿಂದೊಳಗೆ ಏನಾದರೂ ಲಾಭ ಮಾಡಿಕೊಂಡಿರಬೇಕು ಎಂದು ನಾನು ಬಹಳ ದಿನ ಕೆದಕಿದೆ. ಅವನ ಕಾಫಿಗೆ ಸಾಹೇಬರು ಜಾಸ್ತಿ ರೇಟು ಹಾಕಿರಬಹುದೇ ಎಂದು ಲಾರಿಯವರನ್ನು, ಗುಮಾಸ್ತನನ್ನು ಕೇಳಿದೆ. ಏನೂ ಸಿಗಲಿಲ್ಲ. ಎಲ್ಲರಿಗೂ ಕೊಟ್ಟ ರೇಟನ್ನೇ ಅವನಿಗೂ ಕೊಟ್ಟಿದ್ದರು. ಅವನು ಮೋಸಗಾರನಾಗಿದ್ದರೆ ನನಗೆ ಎಷ್ಟು ನೆಮ್ಮದಿಯಿರುತ್ತಿತ್ತು! ಒಳ್ಳೆಯವನು ಅನ್ನಿಸಿಕೊಳ್ಳುವ ಖುಷಿಗೆ ಒಂದೇ ಮಾತಿನಲ್ಲಿ ಏಳು ಜನರ ದುಡ್ಡನ್ನು ದಾನ ಮಾಡಿಬಿಟ್ಟ, ಅದು ತನ್ನ ದುಡ್ಡಲ್ಲ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ರೊಬಸ್ಟಾ ಕಾಫಿಯ ಕುಯ್ಲು ಶುರುವಾಯಿತು. ಅವ್ವ ಮತ್ತೆ ಮಿಷನ್ ಮುಂದೆ ನಿಂತಳು, ರೈಟರ್ ಮತ್ತೆ ಬೈದರು. ಹಗ್ಗದಲ್ಲಿ ನಾನು ಏಳನೆಯವನು, ಅವನ ಮುಂದೆಯೇ. ಅಭ್ಯಾಸದ ಹೊತ್ತಿನಲ್ಲಿ ಬೆನ್ನ ಹಿಂದೆ ಅವನ ಉಸಿರು ಕೇಳಿಸಿದಾಗಲೆಲ್ಲ ನನಗೆ ಒಂದೇ ಯೋಚನೆ. ಏಳೂ ಜನ ಒಟ್ಟಿಗೆ ಕೈ ಬಿಟ್ಟರೆ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡ ಇವನು ಮುಖ ಅಡಿಯಾಗಿ ಎಷ್ಟು ದೂರ ಹೋಗಬಹುದು?

ಅಷ್ಟೆಲ್ಲ ಕಷ್ಟಪಡುವ ಅಗತ್ಯ ಬರಲಿಲ್ಲ. ಸೀಸನ್ನಿನ ಮೊದಲ ಪಂದ್ಯ ಸಕಲೇಶಪುರದಲ್ಲಿ, ಶಿವರಾತ್ರಿ ಕಳೆದ ಮೇಲಿನ ಭಾನುವಾರ. ಬೆಳಿಗ್ಗೆ ಎಲ್ಲ ತಂಡಗಳ ತೂಕ ನೋಡುತ್ತಾರೆ. ಸ್ಟೋರಿನ ಮಿಷನ್ ಪ್ರಕಾರ ನಾವು ಐನೂರ ತೊಂಬತ್ತೆಂಟು. ಎರಡು ಕೆ.ಜಿ. ಕೈಯಲ್ಲಿದೆ ಎಂದು ಧೈರ್ಯವಾಗಿ ಇಡ್ಲಿ ತಿಂದು ಹೋಗಿದ್ದೆವು. ಎಂಟೂ ಜನ ಹತ್ತಿ ಇಳಿದ ಮೇಲೆ ರೆಫರಿ ಕೂಡಿಸಿ ಹೇಳಿದರು, ಆರುನೂರ ಇಪ್ಪತ್ತೊಂಬತ್ತು.

"ನಿಮ್ ಮಿಷನ್ ಸರಿ ಇಲ್ಲ" ಎಂದ ಸಾವ್ಕಾರ.

ರೆಫರಿ ಎದುರಿನ ಅಂಗಡಿಯಿಂದ ಒಂದು ಸಿಮೆಂಟ್ ಚೀಲ ತರಿಸಿ ಇಟ್ಟರು. ಸರಿಯಾಗಿ ಐವತ್ತು ತೋರಿಸಿತು. ಇನ್ನೊಂದು ಚೀಲ ಇಟ್ಟರು, ನೂರು.

ಸಾವ್ಕಾರನಿಗೆ ಸಿಟ್ಟು ಬಂತು. ಇಡೀ ಮೈದಾನಕ್ಕೆ ಕೇಳುವ ಹಾಗೆ, "ಅದೆಂಗಾಗ್ತದೆ ಕಣ್ರೀ? ಪ್ರತಿ ವಾರ ನಾವು ನಮ್ಮ ಸ್ಟೋರ್ ಮಿಷನ್ ಮೇಲೆ ನಿಂತು ನೋಡಿದ್ದೀವಿ. ನಮ್ ತಾತನ ಕಾಲದ್ದು ಅದು. ಇವತ್ತಿನವರೆಗೂ ಒಂದು ಗ್ರಾಂ ಆಚೆ ಈಚೆ ಆಗಿಲ್ಲ!" ಎಂದು ಕೂಗಿದ.

ನಮ್ಮ ತೋಟದ ಲೈನಿನಿಂದ ಆಟ ನೋಡಲು ಬಂದವರೇ ಮೂವತ್ತು ಜನ ಇದ್ದರು. ಅವರಿಗೂ ಮೊದಲು ಹೊಳೆಯಲಿಲ್ಲ. ಕೊಂಬೆ ಕಡಿಯುವವರಲ್ಲಿ ಒಬ್ಬ ತನ್ನ ಕಾಲನ್ನೇ ನೋಡಿಕೊಳ್ಳುತ್ತ ನಿಂತಿದ್ದವನು, "ಹಂಗಾದ್ರೆ ಆ ಮಿಷನ್ನು ಇಪ್ಪತ್ತು ಕೆ.ಜಿ.ಗೆ ಒಂದು ಕೆ.ಜಿ. ನುಂಗ್ತಾ ಐತೆ" ಎಂದ. ಅಲ್ಲಿದ್ದ ಪ್ರತಿಯೊಬ್ಬರ ಹೆಂಡತಿಯೋ ತಾಯಿಯೋ ತಂಗಿಯೋ ಆ ಮಿಷನ್ನಿಗೆ ಮೂಟೆ ಹೊತ್ತವರು. ಅವ್ವನ ಬೆನ್ನಿಗಿಂತ ಆ ಕಬ್ಬಿಣವನ್ನು ನಾನು ನಂಬಿದ್ದೆ. ಮನಸ್ಸಿನೊಳಗೆ ನಾನೂ ಅವ್ವನ ಕೈ ನಿಧಾನ ಎಂದೇ ಅಂದುಕೊಂಡಿದ್ದೆ. ಸಾವ್ಕಾರನೊಬ್ಬನಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ, ರೆಫರಿಯ ಜೊತೆ ವಾದ ಮಾಡುತ್ತಲೇ ಇದ್ದ. ಅದು ಕಳ್ಳ ಮಿಷನ್ ಎಂದು ಗೊತ್ತಿದ್ದವನು ಅದನ್ನು ನಂಬಿ ಪಂದ್ಯಕ್ಕೆ ಬರುತ್ತಿರಲಿಲ್ಲ. ಇಲ್ಲೂ ಅವನು ಒಳ್ಳೆಯವನೇ.

ಇಪ್ಪತ್ತೊಂಬತ್ತು ಕೆ.ಜಿ. ಇಳಿಸಿ, ಇಲ್ಲವೇ ಮನೆಗೆ ಹೋಗಿ ಎಂದರು ರೆಫರಿ. ಹೊರಗೆ ಕೂರಿಸಿಕೊಂಡಿದ್ದವನು ಮೆಣಸು ಕುಯ್ಯಲು ಮರ ಹತ್ತುವ ತೆಳ್ಳನೆಯ ಆಳು, ಅರವತ್ತೇಳು ಕೆ.ಜಿ. ನಮ್ಮ ಏಳು ಜನರಲ್ಲಿ ಯಾರನ್ನು ತೆಗೆದು ಅವನನ್ನು ಹಾಕಿದರೂ ಹದಿನೈದು ಕೆ.ಜಿ. ಕೂಡ ಇಳಿಯುತ್ತಿರಲಿಲ್ಲ. ತೊಂಬತ್ತೇಳು ಕೆ.ಜಿ.ಯ ಆ್ಯಂಕರನ್ನು ತೆಗೆದರೆ ಮಾತ್ರ ಐನೂರ ತೊಂಬತ್ತೊಂಬತ್ತು. ಲೆಕ್ಕವೇ ತೀರ್ಮಾನ ಮಾಡಿತು. ಅದನ್ನು ಹೇಳುವುದು ಕ್ಯಾಪ್ಟನ್ ಕೆಲಸ. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬಹುದಿತ್ತು. ನಾನು ಮೈದಾನದ ನಡುವೆ, ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದೆ:

"ಸಾವ್ಕಾರ್ರೆ, ಇವತ್ತು ನೀವು ಎಳೆಯೋದ್ ಬೇಡ, ಹೊರಗೆ ಕೂತ್ಕೊಳ್ಳಿ. ಹೆಂಗೂ ನಿಮಗೆ ದುಡ್ಡು ಕೊಡ್ತಿಲ್ವಲ್ಲ, ಯಾರಿಗೂ ನಷ್ಟ ಇಲ್ಲ."

ಅವನ ಮುಖ ಕಪ್ಪಿಟ್ಟಿತು. ಹೊಸ ಜೆರ್ಸಿ ಹಾಕಿಕೊಂಡೇ ಹೋಗಿ ನೀರಿನ ಡ್ರಮ್ಮಿನ ಪಕ್ಕ ಕೂತ. ಆ ಮುಖವನ್ನು ನಾನು ಹತ್ತು ವರ್ಷದಿಂದ ಜೋಪಾನವಾಗಿ ಇಟ್ಟುಕೊಂಡಿದ್ದೇನೆ, ಮನಸ್ಸು ಕೆಟ್ಟಾಗ ತೆಗೆದು ನೋಡುತ್ತೇನೆ. ಮೊದಲ ಸುತ್ತು ಹೇಗೋ ಗೆದ್ದೆವು. ಎರಡನೆಯದರಲ್ಲಿ ಮೆಣಸಿನ ಆಳು ನಿಲ್ಲಲಾರದೆ ಎಂಟೂ ಜನ ದೂಳಿನಲ್ಲಿ ಎಳೆಸಿಕೊಂಡು ಹೋದೆವು. ಅಷ್ಟು ಖುಷಿಯಿಂದ ನಾನು ಇನ್ಯಾವತ್ತೂ ಸೋತಿಲ್ಲ. ಬಿದ್ದಲ್ಲಿಂದಲೇ ತಲೆ ತಿರುಗಿಸಿ ಅವನು ನೋಡುತ್ತಿದ್ದಾನೋ ಇಲ್ಲವೋ ಎಂದು ನೋಡಿದೆ.

ತೂಕದ ಚೀಟಿಗೆ ರೆಫರಿಯ ಸೀಲು ಹಾಕಿಸಿಕೊಂಡು ಲೈನಿಗೆ ಬಂದೆ. ನಲ್ಲಿಯ ಹತ್ತಿರ ಹೆಂಗಸರನ್ನೆಲ್ಲ ಸೇರಿಸಿ ಓದಿದೆ. ಸ್ಟೋರಿನಲ್ಲಿ ನನ್ನ ತೂಕ ಎಪ್ಪತ್ತಾರು, ಸಕಲೇಶಪುರದಲ್ಲಿ ಎಂಬತ್ತು. ಅವ್ವನಿಗೆ ಓದು ಬರುವುದಿಲ್ಲ, ಆದರೂ ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಿದಳು. "ಹಂಗಾರೆ ನನ್ ಬೆನ್ನು ಸುಳ್ಳು ಹೇಳಿರ್ಲಿಲ್ಲ" ಎಂದಳು.

ಮಾರನೆಯ ದಿನ ರಿಪೇರಿಯವನು ಬಂದು ಮಿಷನ್ ಬಿಚ್ಚಿ, ಯಾವುದೋ ಕೊಂಡಿ ಸವೆದಿದೆ, ಯಾವ ಕಾಲದಿಂದ ಎಂದು ಹೇಳಲಾರೆ ಎಂದ. ರೈಟರ್ ದೇವರ ಮೇಲೆ ಆಣೆ ಮಾಡಿದರು. ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಬಟವಾಡೆಯ ದಿನ, ಅಂದರೆ ಕೂಲಿ ಹಂಚುವ ಶನಿವಾರ, ತಾನೇ ಬಂದು ಇತ್ಯರ್ಥ ಮಾಡುತ್ತೇನೆ ಎಂದು ಸಾವ್ಕಾರ ಹೇಳಿ ಕಳಿಸಿದ.

ನನಗೆ ಐದು ದಿನ ಸಿಕ್ಕಿತು. ಐದು ವರ್ಷದ ಕುಯ್ಲಿನ ಲೆಕ್ಕ ಹಿಡಿದು, ಇಪ್ಪತ್ತಕ್ಕೆ ಒಂದರಂತೆ ಕಳೆದದ್ದು, ಗುರಿ ತಪ್ಪಿತೆಂದು ಮುರಿದ ಕೂಲಿ, ಎಲ್ಲ ಸೇರಿಸಿ ತಲಾ ಎಂಟು ಸಾವಿರ ಎಂದು ನಿಗದಿ ಮಾಡಿದೆವು. ಒಂದು ಪೈಸೆ ಇಳಿಯಬಾರದು, ನಿಮಗೆ ತೋಚಿದ್ದು ಕೊಡಿ ಎಂದು ಯಾರೂ ಅನ್ನಬಾರದು. ನಲವತ್ತು ಹೆಂಗಸರ ಬಾಯಲ್ಲೂ ಹೇಳಿಸಿ ಹೇಳಿಸಿ ಕಲಿಸಿದೆ. ಪಕ್ಕದ ಮನೆಯವಳ ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಳು, ಹಾಸ್ಟೆಲ್ ಫೀಸು ಕಟ್ಟುವುದಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಆ ತಾಯಿ. ಅವ್ವನೂ ಹೇಳಿದಳು, "ಎಂಟ್ ಸಾವ್ರ." ಆ ದುಡ್ಡಿಗೆ ನನ್ನ ಮೂರು ಸಾವಿರ ಸೇರಿಸಿದರೆ ಹಸುವಿಗೆ ಮುಂಗಡ ಕೊಡಬಹುದಿತ್ತು.

ಬಟವಾಡೆಗೆ ಸಾಲು ನಿಲ್ಲುವುದಕ್ಕೆ ನಮ್ಮ ತೋಟದಲ್ಲಿ ಒಂದು ಕ್ರಮವಿತ್ತು. ತೋಟಕ್ಕೆ ಮೊದಲು ಬಂದವಳು ಮೊದಲು. ಬೋನಸ್ಸಾಗಲಿ ಕಂಬಳಿಯಾಗಲಿ, ಮೊದಲನೆಯವಳು ಏನಕ್ಕೆ ಒಪ್ಪಿದಳೋ ಅದೇ ಸಾಲಿಗೆಲ್ಲ. ಹಿಂದಿನವಳು ಅದಕ್ಕಿಂತ ಹೆಚ್ಚು ಕೇಳಿದರೆ ಹಿರಿಯಳಿಗೆ ಅವಮಾನ ಮಾಡಿದಂತೆ. ಸಾಲಿನ ಮೊದಲನೆಯವಳು ನನ್ನ ಅವ್ವ. ನನಗೆ ಇದಕ್ಕಿಂತ ಇನ್ನೇನು ಬೇಕಿತ್ತು? ಎಲ್ಲರಿಗಿಂತ ಹೆಚ್ಚು ಬೈಗುಳ ತಿಂದವಳೇ ಎಲ್ಲರಿಗಿಂತ ಮೊದಲು ಬಾಯಿ ಬಿಡುತ್ತಾಳೆ ಎಂದು ಹಿಗ್ಗಿದೆ.

ಶನಿವಾರ ಅವನು ಜೀಪಿಲ್ಲದೆ ನಡೆದುಕೊಂಡೇ ಬಂದ. ಸ್ಟೋರಿನ ಬಾಗಿಲಲ್ಲಿ ಹೊಸ ಮಿಷನ್ ಕೂತಿತ್ತು, ಮೇಜಿನ ಮೇಲೆ ನೋಟಿನ ಕಟ್ಟುಗಳಿದ್ದವು, ರೈಟರ್ ತಲೆ ತಗ್ಗಿಸಿ ನಿಂತಿದ್ದರು. ಅವನು ಹೆಂಗಸರ ಸಾಲಿನ ಎದುರು ನಿಂತು ಕೈ ಮುಗಿದ. "ತಪ್ಪಾಗಿದೆ ಕಣ್ರವ್ವ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅನ್ನೋದೂ ತಪ್ಪೇ" ಎಂದ. ಆಮೇಲೆ ಅವ್ವನ ಕಡೆ ತಿರುಗಿದ. "ಇದೇ ಜಾಗದಲ್ಲಿ ನಿಲ್ಲಿಸಿ ನಿಮ್ಮನ್ನ ಮೈಗಳ್ಳಿ ಅಂದ್ರು. ನೀವು ಮೈಗಳ್ಳಿ ಅಲ್ಲ ಕಣವ್ವ. ಎಲ್ಲರ ಮುಂದೆ ಹೇಳ್ತಿದ್ದೀನಿ." ಅವನ ಕಣ್ಣಲ್ಲಿ ನೀರಿತ್ತು. ನಾಟಕದ ನೀರಲ್ಲ, ನಾನು ಸರಿಯಾಗಿ ನೋಡಿದ್ದೇನೆ. "ಎಷ್ಟು ಕೊಡ್ಬೇಕು ಹೇಳಿ. ನೀವು ಹೇಳಿದ್ದೇ ಆಯ್ತು."

ಅವ್ವ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ನಾನು ಸ್ಟೋರಿನ ಗೋಡೆಯ ಪಕ್ಕದಲ್ಲಿ ನಿಂತು, ಅವಳಿಗೆ ಕಾಣುವ ಹಾಗೆ, ತುಟಿಯಲ್ಲೇ ಎಂಟು ಎಂದೆ. ಅವ್ವ ನನ್ನ ಕಡೆ ನೋಡಲಿಲ್ಲ.

"ನಂಗೇನೂ ಬ್ಯಾಡ ಅಯ್ಯಾ. ಮೈಗಳ್ಳಿ ಅಲ್ಲ ಅಂದ್ರಲ್ಲ, ಅಷ್ಟೇ ಸಾಕು."

ಅವನು ಅವ್ವನ ಎರಡೂ ಕೈ ಹಿಡಿದುಕೊಂಡ. ಸಾಲಿನಲ್ಲಿ ಎರಡನೆಯವಳು ಪಕ್ಕದ ಮನೆಯವಳು. ಅವಳು ಮೇಜಿನ ಮೇಲಿನ ಕಟ್ಟುಗಳನ್ನು ನೋಡಿದಳು, ಅವ್ವನ ಬೆನ್ನನ್ನು ನೋಡಿದಳು. "ಅಕ್ಕಂಗೇ ಬ್ಯಾಡ ಅಂದ್ಮೇಲೆ ನಂಗ್ಯಾಕಯ್ಯಾ" ಎಂದಳು. ಮೂರನೆಯವಳೂ ಹಾಗೇ ಅಂದಳು. ನಲವತ್ತನೆಯವಳು ಬರೀ ತಲೆ ಅಲ್ಲಾಡಿಸಿ ಮುಂದೆ ಹೋದಳು. ನೋಟಿನ ಕಟ್ಟುಗಳು ಹಾಗೆಯೇ ಒಳಗೆ ಹೋದವು. ಅವನು ಒಬ್ಬೊಬ್ಬರಿಗೂ ಒಂದೊಂದು ಪೊಟ್ಟಣ ಮೈಸೂರು ಪಾಕ್ ಕೊಟ್ಟ.

ಲೈನಿಗೆ ಇಳಿಯುವ ದಾರಿಯಲ್ಲಿ ನಾನು ಅವ್ವನ ಮೇಲೆ ಕೂಗಾಡಿದೆ. ಎಂಟು ಸಾವಿರ ಅಂತ ನೀನೇ ಹೇಳಿರಲಿಲ್ಲವೇ ಎಂದೆ. ಪಕ್ಕದ ಮನೆಯವಳು ಮುಂದೆ ಒಬ್ಬಳೇ ಬೇಗ ಬೇಗ ನಡೆದು ಹೋಗುತ್ತಿದ್ದಳು, ಅವಳನ್ನು ತೋರಿಸಿದೆ. "ನಿಂಗ್ ಬ್ಯಾಡ್ದಿದ್ರೆ ತಗೊಂಡು ಬಿಸಾಕ್ಬೇಕಿತ್ತು. ನೀನ್ ಬ್ಯಾಡ ಅಂದಿದ್ಕೆ ಅವ್ಳ್ ಬಾಯ್ ಮುಚ್ಚೋಯ್ತು."

"ಅಷ್ಟ್ ಜನ್ರ ಮುಂದೆ ಕೈ ಮುಗ್ದು ನಿಂತಿದ್ರು ಕಣೋ. ದುಡ್ ಕೊಡಿ ಅಂತ ಹೆಂಗನ್ಲಿ?" ಎಂದಳು ಅವ್ವ. "ನಂಗೆ ಬೇಕಾಗಿದ್ದು ಸಿಕ್ತು."

ಸಾವ್ಕಾರನಿಗೆಂದು ತಿಂಗಳುಗಟ್ಟಲೆ ಒಳಗಿಟ್ಟುಕೊಂಡಿದ್ದ ಸಿಟ್ಟೆಲ್ಲ ನನ್ನ ಬಾಯಿಗೆ ಬಂತು. ನನಗೆ ಗೊತ್ತಿದ್ದ ಅತಿ ಕೆಟ್ಟ ಬೈಗುಳವನ್ನೇ ಅವ್ವನಿಗೆ ಬೈದೆ.

"ನೀನೂ ಆ ಸಾವ್ಕಾರನ ತರಾನೇ ಕಣವ್ವ."

ಅವ್ವ ನಿಂತಳು. ನನ್ನ ಮುಖ ನೋಡಿದಳು. ಆಮೇಲೆ, "ಅಷ್ಟ್ ದೊಡ್ ಮಾತು ನಂಗ್ಯಾಕಪ್ಪ" ಎಂದು ನಾಚಿಕೊಂಡು ನಕ್ಕು, ಪೊಟ್ಟಣ ಬಿಚ್ಚಿ ನನ್ನ ಕೈಗೆ ಒಂದು ತುಂಡು ಮೈಸೂರು ಪಾಕ್ ಕೊಟ್ಟಳು.